ನಿಂತಾಗ ಬಿಪಿ ಇಳಿಯಿತು, ನಾಡಿ ಏರಲಿಲ್ಲ

ಫೈಲಿನ ಮೇಲೆ ಆಗಲೇ ‘ಫಿಟ್’ ಎಂದು ಬರೆದಿತ್ತು. 61 ವರ್ಷದ ಹೆಂಗಸು. ಟೈಪ್ 2 ಸಕ್ಕರೆ ಕಾಯಿಲೆ ಬಂದು 17 ವರ್ಷ. ಪಿತ್ತಕೋಶದಲ್ಲಿ ಕಲ್ಲು. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ ಪಿತ್ತಕೋಶ ತೆಗೆಯುವ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.4. ಅನೇಕ ಕಡೆ 8.5ಕ್ಕಿಂತ ಕಡಿಮೆ ಇದ್ದರೆ ಮುಂದುವರಿಯಬಹುದು ಎನ್ನುತ್ತಾರೆ, ಹಾಗಾಗಿ ಕಾಗದದ ಮೇಲೆ ಅವರು ಪಾಸ್. ಕಿಡ್ನಿ ಸರಿ ಇತ್ತು. ಹೃದಯದ ಸ್ಕ್ಯಾನ್ ಎಕೋ ಸರಿ ಇತ್ತು. ಅರಿವಳಿಕೆ ಕೊಡುವ ಡಾಕ್ಟರಾಗಿ ನಾನು ಸುಮ್ನೆ ಸಹಿ ಹಾಕಿ ಕಳಿಸಬಹುದಿತ್ತು. (ಗುರುತು ಸಿಗದ ಹಾಗೆ ಒಂದೆರಡು ಸಣ್ಣ ವಿವರ ಬದಲಿಸಿ ಬರೆಯುತ್ತಿದ್ದೇನೆ.)

ಸಹಿ ಹಾಕದೆ ನಿಂತದ್ದು ಒಂದು ಪದ ಕಂಡು. ನಾಡಿ 104 ಎಂದು ಬರೆದು, ಪಕ್ಕದಲ್ಲಿ ‘ಆತಂಕ’ ಎಂದು ಸೇರಿಸಿದ್ದರು.

ಆ ಪದವನ್ನು ಒಂದು ಕಾಲದಲ್ಲಿ ನಾನೇ ಬರೆದಿದ್ದೇನೆ. ಹಲವು ವರ್ಷಗಳ ಹಿಂದೆ, ಹರ್ನಿಯಾ ಆಪರೇಷನ್‌ಗೆ ಬಂದ ಸಕ್ಕರೆ ಕಾಯಿಲೆಯ ಒಬ್ಬರ ನಾಡಿ 106 ಇತ್ತು. ಹೆದರಿದ್ದಾರೆ ಎಂದುಕೊಂಡೆ. ಎಲ್ಲರಿಗೂ ಕೊಡುವ ಹಾಗೆ ಮಾಮೂಲು ಅಳತೆಯಲ್ಲಿ, ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ಕೊಟ್ಟೆ. ಎರಡು ನಿಮಿಷದಲ್ಲಿ ಮೇಲಿನ ಬಿಪಿ 50ಕ್ಕೆ ಬಂತು. ಬಿಪಿ ಏರಿಸುವ ಎಫೆಡ್ರಿನ್ ಕೊಟ್ಟೆ, ಏರಲಿಲ್ಲ. ಮತ್ತೆ ಕೊಟ್ಟೆ, ಏರಲಿಲ್ಲ. ಎದೆ ಒತ್ತಬೇಕಾಯಿತು. ಅಡ್ರಿನಲಿನ್ ಹೋದ ಮೇಲೆ ಚೇತರಿಸಿಕೊಂಡರು. ಐದು ದಿನ ಐಸಿಯುನಲ್ಲಿದ್ದು ಮನೆಗೆ ಹೋದರು. ಆಮೇಲೆ ಅವರ ಹೆಂಡತಿ ನನಗೊಂದು ಮಾತು ಹೇಳಿದರು: “ಬೆಳಗ್ಗೆ ಎದ್ದ ತಕ್ಷಣ ಅವರು ಯಾವಾಗಲೂ ಮಂಚ ಹಿಡಿದುಕೊಂಡೇ ನಿಲ್ಲೋದು, ಡಾಕ್ಟ್ರೇ.” ಅದನ್ನು ನಾನು ಕೇಳಿರಲೇ ಇಲ್ಲ.

ಹಾಗಾಗಿ ಈ ಅಮ್ಮನನ್ನು ಕೂರಿಸಿಕೊಂಡು ಹಳೆಯ ಚೀಟಿಗಳನ್ನೆಲ್ಲ ಬಿಡಿಸಿ ನೋಡಿದೆ. ಕಣ್ಣಿನ ಡಾಕ್ಟರ ಹತ್ತಿರ ನಾಡಿ 98. ಶುಗರ್ ಚೆಕಪ್‌ನಲ್ಲಿ 102. ಜ್ವರಕ್ಕೆ ಹೋದಾಗ 110, ಜ್ವರ ಬಿಟ್ಟ ವಾರಕ್ಕೆ 101. ಒಂದು ವರ್ಷದಿಂದ ಹೀಗೇ ಇದೆ. ಆತಂಕ ಒಂದು ವರ್ಷ ಒಂದೇ ಸಮ ಇರುವುದಿಲ್ಲ, ಅಲ್ವಾ? ಥೈರಾಯ್ಡ್ ಸರಿ ಇತ್ತು. ರಕ್ತ ಕಡಿಮೆ ಇರಲಿಲ್ಲ. ಹತ್ತು ನಿಮಿಷ ಮಲಗಿಸಿ, ಮಾತಾಡಿಸದೆ ಬಿಟ್ಟು ಮತ್ತೆ ಎಣಿಸಿದೆ. 102.

ಆಮೇಲೆ ಒಂದೊಂದೇ ಕೇಳಿದೆ.

“ಅಮ್ಮ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದಾ?”

“ಬರುತ್ತೆ. ಗೋಡೆ ಹಿಡ್ಕೊಂಡು ಸ್ವಲ್ಪ ಹೊತ್ತು ನಿಲ್ತೀನಿ. ವಯಸ್ಸಾಯ್ತಲ್ಲ ಡಾಕ್ಟ್ರೇ.”

“ಊಟ ಹೇಗೆ ಸೇರುತ್ತೆ?”

“ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ ಹೋಗುತ್ತೆ. ಸಂಜೆವರೆಗೂ ಹೊಟ್ಟೆ ಉಬ್ಬರ. ಕಲ್ಲಿನಿಂದ ಅಂದ್ರು.”

“ಬೆವರು?”

ಇದಕ್ಕೆ ಮಗಳು ಉತ್ತರ ಕೊಟ್ಟಳು. ಊಟಕ್ಕೆ ಕೂತರೆ ಅಮ್ಮನ ಹಣೆ, ಕುತ್ತಿಗೆ ತೊಯ್ದು ಹೋಗುತ್ತದೆ, ಪಾದ ಮಾತ್ರ ಒಣಗಿ ಬಿರುಕು ಬಿಟ್ಟಿದೆ. ಶುಗರ್ ಇಳಿದಾಗ ಮೊದಲೆಲ್ಲ ಕೈ ನಡುಗುತ್ತಿತ್ತು, ಈಗ ಏನೂ ಗೊತ್ತಾಗುವುದಿಲ್ಲ. ಒಮ್ಮೆ ಮೀಟರಿನಲ್ಲಿ 58 ತೋರಿಸಿದಾಗ ಅವರು ಆರಾಮಾಗಿ ಟಿವಿ ನೋಡುತ್ತಾ ಕೂತಿದ್ದರಂತೆ. ಮೂತ್ರಕ್ಕೆ ದಿನಕ್ಕೆ ಎರಡು, ಮೂರು ಸಲ ಹೋದರೆ ಹೆಚ್ಚು.

ತಲೆಸುತ್ತು ಒಬ್ಬ ಡಾಕ್ಟರಿಗೆ ಗೊತ್ತಿತ್ತು, ಹೊಟ್ಟೆ ಉಬ್ಬರ ಇನ್ನೊಬ್ಬರಿಗೆ, ಪಾದದ ಬಿರುಕು ಮತ್ತೊಬ್ಬರಿಗೆ. ಯಾರೂ ತಪ್ಪು ಮಾಡಿರಲಿಲ್ಲ. ಇವೆಲ್ಲ ಒಂದೇ ಬೇರಿನಿಂದ ಬಂದಿರಬಹುದು ಎಂದು ಜೋಡಿಸಿ ನೋಡುವ ಜಾಗ ಮಾತ್ರ ಅವರ ಫೈಲಿನಲ್ಲಿ ಎಲ್ಲೂ ಇರಲಿಲ್ಲ.

ಸಕ್ಕರೆ ಕಾಯಿಲೆ ನರಕ್ಕೆ ಏಟು ಕೊಡುತ್ತದೆ ಎಂದರೆ ನಮಗೆ ತಕ್ಷಣ ನೆನಪಾಗುವುದು ಅಂಗಾಲಿನ ಉರಿ, ಜೋಮು. ಆದರೆ ನಾವು ಹೇಳದೇ ತಾನಾಗಿ ಕೆಲಸ ಮಾಡುವ ನರಗಳೂ ಇವೆ. ಹೃದಯದ ವೇಗ, ರಕ್ತನಾಳದ ಬಿಗಿತ, ಹೊಟ್ಟೆಯ ಚಲನೆ, ಬೆವರು, ಮೂತ್ರಚೀಲ ಎಲ್ಲವನ್ನೂ ನೋಡಿಕೊಳ್ಳುವ ನರಗಳು ಅವು. ಪುಸ್ತಕದ ಭಾಷೆಯಲ್ಲಿ ಸ್ವಾಯತ್ತ ನರಗಳು. ಇವುಗಳಲ್ಲಿ ತಲೆಯಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ತುಂಬಾ ಉದ್ದ, ಸಾಮಾನ್ಯವಾಗಿ ಮೊದಲು ಕೆಡುವುದೂ ಅದೇ. ಹೃದಯಕ್ಕೆ ಅದು ಬ್ರೇಕ್ ಇದ್ದ ಹಾಗೆ. ಬ್ರೇಕ್ ಸಡಿಲವಾದರೆ ನಾಡಿ ಸುಮ್ಮನಿದ್ದಾಗಲೂ ಜೋರಾಗಿ ಓಡುತ್ತದೆ. ವರ್ಷಗಳು ಕಳೆದಂತೆ ರಕ್ತನಾಳಗಳನ್ನು ಬಿಗಿಯುವ ನರಗಳೂ ಸೋಲುತ್ತವೆ. ಆಗ ನಿಂತರೆ ಬಿಪಿ ಬೀಳುತ್ತದೆ.

ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಬಿಪಿ ಪಟ್ಟಿ, ಗಡಿಯಾರ, ಮಂಚ ಇದ್ದರೆ ಸಾಕು. ಐದು ನಿಮಿಷ ಮಲಗಿಸಿ ಅಳೆದೆ: 152/86, ನಾಡಿ 102. ಎದ್ದು ನಿಲ್ಲಿಸಿದೆ. ಪಕ್ಕದಲ್ಲಿ ಮಗಳು ನಿಂತಿದ್ದಳು. ಒಂದು ನಿಮಿಷಕ್ಕೆ 124/74, ನಾಡಿ 105. ಮೂರು ನಿಮಿಷಕ್ಕೆ 116/72, ನಾಡಿ 106.

ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ತೊಂದರೆ ಎಂದೇ ಲೆಕ್ಕ ಹಾಕುತ್ತೇವೆ. ಇವರಿಗೆ ಮೇಲಿನದು 36 ಇಳಿದಿತ್ತು. ಆದರೆ ನನ್ನ ಕಣ್ಣು ನಿಂತದ್ದು ನಾಡಿಯ ಮೇಲೆ. ನಿಂತಾಗ ಅರ್ಧ ಲೀಟರ್‌ನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತ ಕೆಳಗೆ ಇಳಿಯುತ್ತದೆ. ಮೈಯಲ್ಲಿ ನೀರು ಕಡಿಮೆಯಾಗಿ ಬಿಪಿ ಬಿದ್ದವರ ನಾಡಿ ಆಗ ಚೆನ್ನಾಗಿಯೇ ಏರುತ್ತದೆ, ಏಕೆಂದರೆ ಅವರ ನರ ಗಟ್ಟಿ ಇದೆ. ಇವರಿಗೆ 36ರ ಇಳಿತಕ್ಕೆ ಏರಿದ್ದು ಬರೀ 4. ಬಿಪಿ ಇಳಿದ ಪ್ರತಿ ಒಂದು ಅಂಕಕ್ಕೆ ನಾಡಿ ಅರ್ಧ ಬಡಿತಕ್ಕಿಂತ ಕಡಿಮೆ ಏರಿದರೆ ನರದ ಮೇಲೆ ಅನುಮಾನ ಪಡಬೇಕು. ಇಲ್ಲಿ ಸಿಕ್ಕಿದ್ದು 0.11. ತಲೆ ಸುತ್ತುತ್ತಿದೆಯಾ ಎಂದು ಕೇಳಿದರೆ, “ಇದು ನನಗೆ ಮಾಮೂಲು” ಎಂದರು.

ಇಸಿಜಿ ಹಚ್ಚಿಕೊಂಡು ಇನ್ನೆರಡು ಪರೀಕ್ಷೆ ಮಾಡಿದೆ. 1970 ಮತ್ತು 80ರ ದಶಕಗಳಲ್ಲಿ ಎಡಿನ್‌ಬರೋದ ಯೂಯಿಂಗ್ ಮತ್ತು ಕ್ಲಾರ್ಕ್ ಎಂಬ ವೈದ್ಯರು ಬಳಕೆಗೆ ತಂದ ಐದು ಪರೀಕ್ಷೆಗಳಲ್ಲಿ ಇವೂ ಇವೆ. ನಿಮಿಷಕ್ಕೆ ಆರು ಸಲದ ಲೆಕ್ಕದಲ್ಲಿ ಆಳವಾಗಿ ಉಸಿರಾಡಿದರೆ, ಉಸಿರು ಎಳೆದಾಗ ನಾಡಿ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ವ್ಯತ್ಯಾಸ 15 ಅಥವಾ ಮೇಲಿದ್ದರೆ ಸರಿ, 10 ಅಥವಾ ಕೆಳಗಿದ್ದರೆ ತೊಂದರೆ. ವಯಸ್ಸಾದಂತೆ ಈ ಅಂಕಿ ಕಡಿಮೆಯಾಗುತ್ತದೆ, ಅದನ್ನು ಮರೆಯಬಾರದು. ಆದರೆ ಇವರಿಗೆ ಬಂದದ್ದು 3. ನಿಂತ ಮೇಲೆ 15ನೇ ಮತ್ತು 30ನೇ ಬಡಿತದ ಅಂತರಗಳನ್ನು ಹೋಲಿಸುವ ಪರೀಕ್ಷೆಯಲ್ಲಿ 1.04 ಅಥವಾ ಹೆಚ್ಚು ಬರಬೇಕಿತ್ತು, 1.00 ಬಂತು. ಉಸಿರು ಕಟ್ಟಿ ಊದುವ ಪರೀಕ್ಷೆ ಮಾಡಲಿಲ್ಲ. ಕಣ್ಣಿನ ಪರದೆಗೆ ಲೇಸರ್ ಆಗಿತ್ತು, ಆ ಒತ್ತಡಕ್ಕೆ ಅಲ್ಲಿ ರಕ್ತ ಒಸರಬಹುದು.

ಇಸಿಜಿಯಲ್ಲೇ ಇನ್ನೊಂದು ಸಂಗತಿ ಕಾಣಿಸಿತು. ಪ್ರತಿ ಬಡಿತಕ್ಕೂ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಸಮಯ, ಅಂದರೆ ಕ್ಯೂಟಿ ಅಂತರ, ನಾಡಿಯ ವೇಗಕ್ಕೆ ಸರಿಹೊಂದಿಸಿದ ಮೇಲೂ 470 ಮಿಲಿಸೆಕೆಂಡ್, ಸ್ವಲ್ಪ ಉದ್ದ. ಇದೂ ಇದೇ ನರದ ತೊಂದರೆಯ ಜೊತೆ ಕಾಣಿಸಿಕೊಳ್ಳುತ್ತದೆ. ಎರಡು ಅಂಗೈ ಜೋಡಿಸಿ ಎಂದೆ. ಬೆರಳುಗಳು ಪೂರ್ತಿ ಕೂಡಲಿಲ್ಲ. ಅದು ನರದ್ದಲ್ಲ, ಸಕ್ಕರೆಯಿಂದ ಕೀಲು ಬಿಗಿಯುವುದು. ಕುತ್ತಿಗೆಯೂ ಹಾಗೇ ಬಿಗಿದಿದ್ದರೆ ಉಸಿರಿನ ಟ್ಯೂಬ್ ಹಾಕುವುದು ಕಷ್ಟ. ಗಂಟಲೊಳಗೆ ನೋಡುವ ಕ್ಯಾಮೆರಾ, ವಿಡಿಯೋ ಲ್ಯಾರಿಂಗೋಸ್ಕೋಪ್ ಬೇಕು ಎಂದು ಬರೆದುಕೊಂಡೆ.

ಆವತ್ತು ಅವರು ರಕ್ತ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ಹಿಂದಿನ ರಾತ್ರಿ 8:30ಕ್ಕೆ ಊಟ. ಈಗ ಬೆಳಗ್ಗೆ 10 ಗಂಟೆ. ಅಲ್ಟ್ರಾಸೌಂಡ್ ಕೈಯಲ್ಲೇ ಇತ್ತು, ಬಲಮಗ್ಗುಲಿಗೆ ಮಲಗಿಸಿ ಹೊಟ್ಟೆಯ ಕೆಳಭಾಗ ನೋಡಿದೆ. ಗಟ್ಟಿ ಆಹಾರ ಇನ್ನೂ ಇತ್ತು. ಹದಿಮೂರು ಗಂಟೆ ಕಳೆದ ಮೇಲೂ! ಆಪರೇಷನ್ ದಿನ ಇವರನ್ನು ‘ಎಂಟು ಗಂಟೆ ಉಪವಾಸ, ಹೊಟ್ಟೆ ಖಾಲಿ’ ಎಂದು ನಂಬಿ ಮಲಗಿಸಿದ್ದರೆ, ಪ್ರಜ್ಞೆ ತಪ್ಪಿದ ಕ್ಷಣ ಆ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದಿತ್ತು.

ಸರ್ಜನ್‌ಗೆ ಫೋನ್ ಮಾಡಿದೆ. ಒಳ್ಳೆಯ ಸರ್ಜನ್, ನೇರ ಮಾತಿನವರು.

“ಮೇಡಂ, ಒಂದು ತಿಂಗಳು ಮುಂದೆ ಹಾಕಿದರೆ ನರ ಸರಿಹೋಗುತ್ತದಾ?”

“ಇಲ್ಲ ಸರ್, ಹೋಗಲ್ಲ.”

“ಮತ್ತೆ ಯಾಕೆ ಕಾಯೋದು?”

ಪ್ರಶ್ನೆ ಸರಿಯಾಗಿಯೇ ಇತ್ತು. ಕಲ್ಲು ಸುಳ್ಳಲ್ಲ. ನಾಲ್ಕು ತಿಂಗಳಲ್ಲಿ ಎರಡು ಸಲ ಬಲ ಪಕ್ಕೆಯಲ್ಲಿ ತಡೆಯಲಾಗದ ನೋವು ಬಂದಿತ್ತು. ಆಪರೇಷನ್ ಬೇಡ ಎಂದು ನಾನು ಹೇಳಲಿಲ್ಲ, ಆದರೆ ಅದು ನಾಳೆಯೇ ಆಗಬೇಕಾದದ್ದೂ ಅಲ್ಲ. ಸತ್ತ ನರವನ್ನು ಬದಲಿಸಲಾಗದು. ಅದರ ಸುತ್ತ ಇರುವುದನ್ನು ಬದಲಿಸಬಹುದು. ನರ ಕೈಕೊಟ್ಟ ಮೈಯಲ್ಲಿ ನೀರು ಕಡಿಮೆ ಇದ್ದರೆ, ಬಿಪಿ ಮಾತ್ರೆ ಜಾಸ್ತಿ ಇದ್ದರೆ, ಹೊಟ್ಟೆ ತುಂಬಿದ್ದರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಮೈಮೇಲೆ ಬರುತ್ತವೆ. ನಾಲ್ಕು ವಾರ ಕೇಳಿದೆ. ಒಪ್ಪಿದರು. ಆ ನಡುವೆ ನೋವು ಮರುಕಳಿಸಿದರೆ ಅಥವಾ ಜ್ವರ ಬಂದರೆ ತಡಮಾಡದೆ ಬರಬೇಕು ಎಂದು ಮನೆಯವರಿಗೆ ಒತ್ತಿ ಹೇಳಿದೆವು.

ಆ ನಾಲ್ಕು ವಾರದಲ್ಲಿ ಆದದ್ದು ಇಷ್ಟು. ಬಿಪಿ ಮಾತ್ರೆಯ ಜೊತೆ ಸೇರಿದ್ದ, ಮೂತ್ರ ಜಾಸ್ತಿ ಮಾಡಿಸುವ ಔಷಧ ನಿಲ್ಲಿಸಿದೆವು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಕೂಡ ನಿಂತಿತು. ಅದನ್ನು ಹೇಗಿದ್ದರೂ ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೇ ಬಿಡಬೇಕು, ಇಲ್ಲದಿದ್ದರೆ ಶುಗರ್ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಅಪಾಯವಾಗಬಹುದು. ಇವರಿಗೆ ಅದು ಮೈಯ ನೀರನ್ನೂ ಕಡಿಮೆ ಮಾಡುತ್ತಿತ್ತು. ಶುಗರ್ ಇಳಿದರೂ ಗೊತ್ತಾಗದವರಿಗೆ ಶುಗರ್ ಅತಿಯಾಗಿ ಇಳಿಸಬಲ್ಲ ಗ್ಲಿಮಿಪಿರೈಡ್ ಮಾತ್ರೆ ಮುಂದುವರಿಸುವುದು ಸರಿಯಲ್ಲ ಎಂದು ಶುಗರ್ ಡಾಕ್ಟರು ಅದನ್ನು ತೆಗೆದು, ದಿನಕ್ಕೊಂದು ಸಲದ ಇನ್ಸುಲಿನ್ ಸಣ್ಣ ಅಳತೆಯಲ್ಲಿ ಶುರು ಮಾಡಿದರು. 17 ವರ್ಷ ಮೆಟ್‌ಫಾರ್ಮಿನ್ ನುಂಗಿದವರ ಬಿ12 ನೋಡಬೇಕು ಎನಿಸಿತು, ಆ ಶುಗರ್ ಮಾತ್ರೆ ಅದನ್ನು ಇಳಿಸಬಹುದು. ನೋಡಿದರೆ ತುಂಬಾ ಕಡಿಮೆ. ಬಿ12 ಕೊರತೆ ಒಂದೇ ಸಾಕು, ನರ ಕೆಡಿಸಲು. ಇಂಜೆಕ್ಷನ್ ಶುರುವಾಯಿತು. ಎದೆನೋವು ಇಲ್ಲ ಎಂಬ ಮಾತನ್ನು ಇಂಥವರಲ್ಲಿ ನಂಬುವ ಹಾಗಿಲ್ಲ, ನೋವನ್ನು ತಿಳಿಸುವ ನರವೇ ಮಂದವಾಗಿರುತ್ತದೆ. ಹೃದಯದ ಡಾಕ್ಟರು ಔಷಧ ಕೊಟ್ಟು ಮಾಡುವ ಸ್ಟ್ರೆಸ್ ಸ್ಕ್ಯಾನ್ ಮಾಡಿದರು, ದೊಡ್ಡ ತೊಂದರೆ ಇರಲಿಲ್ಲ. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಬಾಗಿಲು ಮುಚ್ಚಿರಲಿಲ್ಲ. ಅಂದರೆ ದಾರಿ ಸರಿ ಇದೆ, ತಳ್ಳುವ ಬಲ ಇಲ್ಲ.

ಮಗಳಿಗೆ ಒಂದೇ ಆಸೆ, ನಾಲ್ಕು ವಾರದಲ್ಲಿ ಶುಗರ್ ಪೂರ್ತಿ ಇಳಿಸಿಬಿಡೋಣ ಎಂದು. ಬೇಡ ಎಂದೆವು. ಬಹಳ ದಿನ ಏರಿದ್ದ ಶುಗರ್ ಅನ್ನು ಒಮ್ಮೆಲೇ ಇಳಿಸಿದರೆ, ಅಂದರೆ ಮೂರು ತಿಂಗಳಲ್ಲಿ ಎಚ್‌ಬಿಎ1ಸಿ 2 ಅಂಕಕ್ಕಿಂತ ಹೆಚ್ಚು ಇಳಿದರೆ, ಕೆಲವರಿಗೆ ನರದ ತೊಂದರೆ ಹೊಸದಾಗಿ ಕೆರಳುತ್ತದೆ. ನಿಧಾನವೇ ಒಳ್ಳೆಯದು. ಈ ಮಾತು ಅವಳಿಗೆ ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಅಮ್ಮನ ಮೇಲಿನ ಕಾಳಜಿಯಿಂದ ಅವಸರ ಮಾಡುತ್ತಿದ್ದಳು, ಆ ಅರ್ಧ ಗಂಟೆ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ.

ಒಂದು ತಿಂಗಳ ಮೇಲೆ ಮತ್ತೆ ನಿಲ್ಲಿಸಿ ನೋಡಿದೆ. ಇಳಿತ 36ರಿಂದ 22ಕ್ಕೆ ಬಂದಿತ್ತು. ನಾಡಿ ಏರಿಕೆ ಅದೇ 4.

ಆಪರೇಷನ್ ದಿನ ಅವರದೇ ಮೊದಲ ಕೇಸು. ಹಿಂದಿನ 24 ಗಂಟೆ ಬರೀ ದ್ರವ ಆಹಾರ. ಬಿಪಿ ಮಾತ್ರೆ ಹಿಂದಿನ ದಿನದಿಂದಲೇ ಇಲ್ಲ. ಬೆಳಗ್ಗೆ ಮತ್ತೆ ಹೊಟ್ಟೆ ಸ್ಕ್ಯಾನ್ ಮಾಡಿದೆ. ಗಟ್ಟಿ ಏನೂ ಇರಲಿಲ್ಲ, ಸ್ವಲ್ಪ ನೀರು. ಆದರೂ ಹೊಟ್ಟೆ ತುಂಬಿದವರಿಗೆ ಮಾಡುವ ಹಾಗೇ ಬೇಗ ಟ್ಯೂಬ್ ಹಾಕುವ ವಿಧಾನವನ್ನೇ ಆರಿಸಿಕೊಂಡೆ.

ಪ್ರಜ್ಞೆ ತಪ್ಪಿಸುವ ಮೊದಲೇ ಮಣಿಕಟ್ಟಿನ ರಕ್ತನಾಳದಲ್ಲಿ ಸಣ್ಣ ನಳಿಕೆ ಹಾಕಿದೆ. ಬಿಪಿ ಪ್ರತಿ ಬಡಿತಕ್ಕೂ ಕಾಣಬೇಕು. ಐದು ನಿಮಿಷಕ್ಕೊಮ್ಮೆ ಅಳೆಯುವ ಪಟ್ಟಿಯನ್ನು ನಂಬಿ ಇಂಥವರನ್ನು ಮಲಗಿಸಬಾರದು, ಹಳೆಯ ಆ ಎರಡು ನಿಮಿಷ ನನಗಿನ್ನೂ ನೆನಪಿದೆ. ಬಿಪಿ ಏರಿಸುವ ಫಿನೈಲೆಫ್ರಿನ್ ಹನಿಹನಿಯಾಗಿ ಮೊದಲೇ ಶುರು ಮಾಡಿದೆ. ಎಫೆಡ್ರಿನ್ ಮುಖ್ಯವಾಗಿ ನರದ ತುದಿಯಲ್ಲಿ ಕೂಡಿಟ್ಟಿರುವ, ರಕ್ತನಾಳ ಬಿಗಿಯುವ ನಾರ್‌ಅಡ್ರಿನಲಿನ್ ಅನ್ನು ಹೊರಗೆ ತಂದು ಕೆಲಸ ಮಾಡುತ್ತದೆ. ತುದಿಯೇ ಹಾಳಾಗಿದ್ದರೆ ತರುವುದೇನನ್ನು? ಫಿನೈಲೆಫ್ರಿನ್‌ಗೆ ನರದ ಹಂಗಿಲ್ಲ, ನೇರವಾಗಿ ರಕ್ತನಾಳವನ್ನೇ ಬಿಗಿಯುತ್ತದೆ. ಪ್ರೊಪೊಫಾಲ್ ಬದಲು, ಬಿಪಿಯನ್ನು ಅಷ್ಟು ಇಳಿಸದ ಎಟಾಮಿಡೇಟ್ ಕೊಟ್ಟೆ. 148 ಇದ್ದ ಬಿಪಿ 104ಕ್ಕೆ ಬಂದು ನಿಂತಿತು. ಟ್ಯೂಬ್ ಒಂದೇ ಸಲಕ್ಕೆ ಹೋಯಿತು.

ತೊಂದರೆ ಬಂದದ್ದು ಆಮೇಲೆ. ಹೊಟ್ಟೆಗೆ ಗ್ಯಾಸ್ ತುಂಬಿ, ತಲೆ ಕಡೆ ಟೇಬಲ್ ಎತ್ತಿದರು. ಗ್ಯಾಸ್ ಒತ್ತಡ 14. ರಕ್ತ ಕಾಲಿಗೆ ಇಳಿಯಿತು. ಇದು ಅವರು ಎದ್ದು ನಿಂತ ಹಾಗೇ, ಆದರೆ ಈಗ ಹಿಡಿದುಕೊಳ್ಳಲು ಗೋಡೆ ಇಲ್ಲ. 104, 96, 84. ಪರದೆಯ ಮೇಲೆ ನಾಡಿ ಮಾತ್ರ 96, 96, 96. “ಸರ್, ನಿಲ್ಲಿಸಿ. ಟೇಬಲ್ ಸಮ ಮಾಡಿ, ಗ್ಯಾಸ್ 10ಕ್ಕೆ ಇಳಿಸಿ” ಎಂದೆ. ಸರ್ಜನ್ ಒಂದು ಮಾತೂ ಆಡದೆ ಮಾಡಿದರು. ಒಂದು ತಿಂಗಳು ಮೊದಲೇ ಮಾತಾಡಿದ್ದರ ಫಲ ನನಗೆ ಸಿಕ್ಕಿದ್ದು ಆ ಕ್ಷಣದಲ್ಲಿ.

ಅದೇ ಹೊತ್ತಿಗೆ 40 ಮೈಕ್ರೋಗ್ರಾಂ ಫಿನೈಲೆಫ್ರಿನ್ ಒಮ್ಮೆಲೇ ಕೊಟ್ಟೆ. ಮಾಮೂಲಿಗೆ ಇದು ಸಣ್ಣ ಅಳತೆ. ಬಿಪಿ 168ಕ್ಕೆ ಹಾರಿತು. ಇದನ್ನು ಓದಿ ಗೊತ್ತಿತ್ತು, ಕಣ್ಣಾರೆ ಕಂಡಾಗಲೂ ಎದೆ ಧಸಕ್ಕೆಂದಿತು. ನರದಿಂದ ಸಂದೇಶ ಬರದೆ ಬರದೆ ರಕ್ತನಾಳಗಳು ಹಸಿದು ಕೂತಿರುತ್ತವೆ. ಸ್ವಲ್ಪ ಔಷಧ ಸಿಕ್ಕರೂ ಜಾಸ್ತಿ ಬಿಗಿಯುತ್ತವೆ. ಅಲ್ಲಿಂದ ಮುಂದೆ 20ಕ್ಕಿಂತ ಹೆಚ್ಚು ಕೊಡಲಿಲ್ಲ. ಟೇಬಲ್ ಅನ್ನು ಸ್ವಲ್ಪ ಸ್ವಲ್ಪವೇ ಎತ್ತಿದೆವು. ಉಳಿದ 50 ನಿಮಿಷ ಬಿಪಿ 110ರ ಆಸುಪಾಸಿನಲ್ಲಿ ನಡೆಯಿತು. ಕ್ಯೂಟಿ ಉದ್ದ ಇದ್ದುದರಿಂದ ವಾಂತಿಗೆ, ಅದನ್ನು ಇನ್ನೂ ಉದ್ದ ಮಾಡಬಲ್ಲ ಒಂಡಾನ್ಸೆಟ್ರಾನ್ ಕೊಡದೆ, 4 ಮಿಲಿಗ್ರಾಂ ಡೆಕ್ಸಮೆಥಾಸೋನ್ ಕೊಟ್ಟು ಶುಗರ್ ಮೇಲೆ ಕಣ್ಣಿಟ್ಟೆವು. ಇಂಥವರ ಮೈ ಬೇಗ ತಣ್ಣಗಾಗುತ್ತದೆ, ಚರ್ಮದ ರಕ್ತನಾಳ ಬಿಗಿದು ಬಿಸಿ ಉಳಿಸಿಕೊಳ್ಳಲಾಗದು. ಬಿಸಿಗಾಳಿಯ ಹೊದಿಕೆ ಶುರುವಿನಿಂದಲೇ ಇತ್ತು.

1989ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಾಗುತ್ತದೆ. ಕಣ್ಣಿನ ಆಪರೇಷನ್‌ಗೆ ಅರಿವಳಿಕೆ ಪಡೆದ ಸಕ್ಕರೆ ಕಾಯಿಲೆಯವರಲ್ಲಿ ಶೇ. 35 ಜನರಿಗೆ ಬಿಪಿ ಏರಿಸುವ ಔಷಧ ಬೇಕಾಯಿತು, ಕಾಯಿಲೆ ಇಲ್ಲದವರಲ್ಲಿ ಶೇ. 5 ಜನರಿಗೆ ಮಾತ್ರ. ಔಷಧ ಬೇಕಾದವರ ನರವೇ ಹೆಚ್ಚು ಕೆಟ್ಟಿತ್ತು. ಸಣ್ಣ ಅಧ್ಯಯನ, 38 ಜನರದ್ದು. ಆದರೆ ನನ್ನ ಟೇಬಲ್ ಮೇಲೆ ಕಂಡದ್ದೂ ಅದೇ.

ಆಪರೇಷನ್ ಮುಗಿದರೆ ಅಪಾಯ ಮುಗಿಯಿತು ಎಂದಲ್ಲ. 1978ರಷ್ಟು ಹಿಂದೆಯೇ, ಇಂಥ ನರದ ತೊಂದರೆ ಇರುವವರಲ್ಲಿ ಅರಿವಳಿಕೆ, ಉಸಿರು ಕುಗ್ಗಿಸುವ ಔಷಧಗಳ ಹೊತ್ತಿನಲ್ಲಿ ಉಸಿರು ಮತ್ತು ಹೃದಯ ಇದ್ದಕ್ಕಿದ್ದಂತೆ ನಿಂತದ್ದನ್ನು ಬ್ರಿಟನ್ನಿನ ವೈದ್ಯರು ಬರೆದಿಟ್ಟಿದ್ದಾರೆ. ಅದಕ್ಕೇ ಇವರನ್ನು ವಾರ್ಡಿಗೆ ಕಳಿಸಲಿಲ್ಲ. 24 ಗಂಟೆ ಮಾನಿಟರ್ ಕೆಳಗೆ ಇಟ್ಟೆವು. ಗಾಯಕ್ಕೆ ಮರಗಟ್ಟಿಸುವ ಔಷಧ, ಪ್ಯಾರಾಸಿಟಮಾಲ್. ಸಂಜೆ ನೋವು ಜಾಸ್ತಿ ಎಂದಾಗ ಮಾರ್ಫಿನ್ 2 ಮಿಲಿಗ್ರಾಂ. ರಾತ್ರಿ 1:40ಕ್ಕೆ ಆಕ್ಸಿಜನ್ 87ಕ್ಕೆ ಇಳಿಯಿತು. ಅವರಿಗೆ ಎಚ್ಚರವೇ ಆಗಲಿಲ್ಲ. ಆಕ್ಸಿಜನ್ ಕಡಿಮೆಯಾದಾಗ ಬಡಿದೆಬ್ಬಿಸುವ ವ್ಯವಸ್ಥೆಯೂ ಈ ಕಾಯಿಲೆಯಲ್ಲಿ ಮಂಕಾಗುತ್ತದೆ. ಅಲಾರಂ ಕೂಗಿತು, ನರ್ಸ್ ಓಡಿಬಂದು ಎಬ್ಬಿಸಿ ಕೂರಿಸಿದರು. ಆಕ್ಸಿಜನ್ ಹಚ್ಚಿದರು. ಮತ್ತೆ ಮಾರ್ಫಿನ್ ಕೊಡಲಿಲ್ಲ. ಆ ರಾತ್ರಿಯ ನರ್ಸ್‌ಗೆ ನಾನು ಋಣಿ.

ಬೆಳಗ್ಗೆ ಇನ್ನೊಂದು. ಮೂತ್ರಕ್ಕೆ ಬಂದಿಲ್ಲ, ಬರುವ ಹಾಗೂ ಅನಿಸುತ್ತಿಲ್ಲ ಎಂದರು. ಸ್ಕ್ಯಾನ್ ಮಾಡಿದರೆ ಮೂತ್ರಚೀಲದಲ್ಲಿ 620 ಮಿಲಿ. ಒಮ್ಮೆ ನಳಿಕೆ ಹಾಕಿ ಖಾಲಿ ಮಾಡಿದೆವು. ಆಮೇಲೆ ಹೊತ್ತಿಗೆ ಸರಿಯಾಗಿ, ಅನಿಸಲಿ ಬಿಡಲಿ, ಹೋಗಿ ಬರುವ ಅಭ್ಯಾಸ ಹೇಳಿಕೊಟ್ಟೆವು. ಮಂಚದಿಂದ ಎಬ್ಬಿಸಲು ಇಪ್ಪತ್ತು ನಿಮಿಷ ತೆಗೆದುಕೊಂಡೆವು. ಮೊದಲು ತಲೆ ಎತ್ತಿ, ಆಮೇಲೆ ಕಾಲು ಇಳಿಬಿಟ್ಟು, ಆಮೇಲೆ ಇಬ್ಬರು ಹಿಡಿದು. ಬಿಪಿ 106. ಬೀಳಲಿಲ್ಲ.

ಮೂರನೇ ದಿನ ಮನೆಗೆ ಹೋದರು. ಆರು ವಾರದ ಮೇಲೆ ಬಂದಾಗ ಪಕ್ಕೆ ನೋವು ಇರಲಿಲ್ಲ. ಹೊಟ್ಟೆ ಉಬ್ಬರ ಹಾಗೇ ಇತ್ತು. ಆಪರೇಷನ್‌ಗೆ ಮೊದಲೇ ಇದನ್ನು ಬಿಡಿಸಿ ಹೇಳಿದ್ದೆವು: ನೋವು ಕಲ್ಲಿನದ್ದು, ಹೋಗುತ್ತದೆ. ಉಬ್ಬರ ನರದ್ದು ಇರಬೇಕು, ಹೋಗದೇ ಇರಬಹುದು. ಹೇಳದೇ ಹೋಗಿದ್ದರೆ ಆಪರೇಷನ್ ಕೆಟ್ಟಿತು ಎಂದುಕೊಳ್ಳುತ್ತಿದ್ದರು. ಈಗ ಸ್ವಲ್ಪ ಸ್ವಲ್ಪವಾಗಿ, ಮೆತ್ತಗಿನ ಆಹಾರವನ್ನು ದಿನಕ್ಕೆ ಆರು ಸಲ ತಿನ್ನುತ್ತಿದ್ದಾರೆ. ಎರಡು ಕೆಜಿ ತೂಕ ಬಂದಿದೆ.

ಮುಂದಿನ ತಿಂಗಳು ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಇದೆ, ಬೇರೆ ಆಸ್ಪತ್ರೆಯಲ್ಲಿ. ಒಂದು ಚೀಟಿ ಬರೆದು ಕೊಟ್ಟೆ. ಮಲಗಿದಾಗ ಬಿಪಿ, ನಿಂತಾಗ ಬಿಪಿ, ನಾಡಿ ಏರಿಕೆ 4, ಹೊಟ್ಟೆ ನಿಧಾನ, ಫಿನೈಲೆಫ್ರಿನ್ 20 ಸಾಕು, ಮಾರ್ಫಿನ್ ಎಚ್ಚರ. ಅವರು ಅದನ್ನು ಎರಡು ಸಲ ಓದಿ, ಮಡಿಸಿ, ಮಗಳ ಕೈಗೆ ಕೊಡದೆ ತಮ್ಮ ಚೀಲದಲ್ಲೇ ಇಟ್ಟುಕೊಂಡರು. ಆಮೇಲೆ ಕುರ್ಚಿಯ ತುದಿಗೆ ಜರುಗಿ, ಕಾಲು ಊರಿ, ಮನಸ್ಸಿನಲ್ಲೇ ಏನೋ ಎಣಿಸಿಕೊಂಡು, ನಿಧಾನವಾಗಿ ಎದ್ದರು.